ಹೂಮಳೆಯ ಹೂ, ಎರಡೂವರೆ ಅಂಗುಲದ ಬಟ್ಟೆ: ಕೈಕಸೂತಿಯ ಕಿರುಕಾರ್ಡುಗಳ ಲಾಭ-ನಷ್ಟದ ಲೆಕ್ಕ

ಫೆಬ್ರವರಿ ಕೊನೆಯಿಂದ ಏಪ್ರಿಲ್‌ವರೆಗೆ ಬೀಳುವ ಮೊದಲ ಮಳೆಯನ್ನು ಕೊಡಗಿನ ಕಾಫಿ ಬೆಳೆಗಾರರು ಹೂಮಳೆ ಎಂದು ಕರೆಯುತ್ತಾರೆ. ಮಳೆ ಬಿದ್ದ ಎಂಟು ಹತ್ತು ದಿನಗಳಲ್ಲಿ ತೋಟಕ್ಕೆ ತೋಟವೇ ಬೆಳ್ಳಗಾಗಿ, ಮಲ್ಲಿಗೆಯನ್ನು ನೆನಪಿಸುವ ಪರಿಮಳ ಹರಡುತ್ತದೆ. ಎರಡು ಮೂರು ದಿನಗಳಲ್ಲಿ ಎಸಳುಗಳು ಕಂದಿ, ಆ ನೋಟ ಮುಂದಿನ ವರ್ಷದವರೆಗೆ ಮರೆಯಾಗುತ್ತದೆ. ಬೆಳೆಗಾರನಿಗೆ ಈ ಹೂ ಬರಲಿರುವ ಫಸಲಿನ ಮುನ್ಸೂಚನೆ; ಪ್ರವಾಸಿಗನಿಗೆ ಅದೃಷ್ಟವಿದ್ದರೆ ಸಿಗುವ ಭಾಗ್ಯ. ಆದರೆ ಕೊಯ್ದು ಮಾರಲಾಗದ ಹೂವಿನಿಂದ ವ್ಯಾಪಾರಿಗೆ ನೇರ ಪ್ರಯೋಜನವೇನೂ ಇಲ್ಲ.

ಹೂವನ್ನು ಮಾರಲಾಗದಿದ್ದರೂ ಅದರ ಕಸೂತಿಯನ್ನು ಮಾರಬಹುದು. ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ಕಾರ್ಡಿನ ಮೇಲೆ ಸೂಜಿದಾರದಿಂದ ಹೂ ಮೂಡಿಸುವ ಕಲೆ ಹೊರದೇಶಗಳಲ್ಲಿ ಹವ್ಯಾಸಿಗಳ ವಿನಿಮಯದಿಂದ ಆರಂಭವಾಗಿ ಸಣ್ಣ ಮಾರುಕಟ್ಟೆಯಾಗಿಯೂ ಬೆಳೆದಿದೆ. ಕೊಡಗಿನಲ್ಲಿ ಇದು ಹೆಸರಾದ ಉದ್ಯಮವಲ್ಲ. ಆದರೆ ಹೂವಿನ ನೆಲೆಯೂ, ಮಳೆಗಾಲದ ಬಿಡುವೂ, ಪ್ರವಾಸಿಗರ ಓಡಾಟವೂ ಒಂದೇ ಕಡೆ ಇರುವ ಮಾದಾಪುರದಂತಹ ಊರಿಗೆ ಈ ಕಸುಬು ಹೊಂದೀತೇ, ಹೊಂದಿದರೆ ಯಾವ ಬೆಲೆಗೆ, ಬಂಡವಾಳದ ಹೊರೆ ಯಾರ ಮೇಲೆ ಎಂಬ ಪ್ರಶ್ನೆಗಳನ್ನು ಲೆಕ್ಕದ ಕಣ್ಣಿನಿಂದ ನೋಡುವುದು ಈ ಲೇಖನದ ಉದ್ದೇಶ.

ಕಿರುಕಾರ್ಡಿನ ಹಿನ್ನೆಲೆ

ಇಂದು ಪ್ರಚಲಿತವಿರುವ ಕಿರುಕಾರ್ಡಿನ ಅಳತೆ ಎರಡೂವರೆ ಅಂಗುಲ ಅಗಲ, ಮೂರೂವರೆ ಅಂಗುಲ ಉದ್ದ. ಅಂದರೆ ಒಂದು ಇಸ್ಪೀಟು ಎಲೆಯಷ್ಟು. 1997ರಲ್ಲಿ ಸ್ವಿಟ್ಜರ್ಲೆಂಡಿನ ಜೂರಿಕ್ ನಗರದಲ್ಲಿ ಎಂ. ವ್ಯಾನ್ಸಿ ಸ್ಟಿರ್ನೆಮಾನ್ ಎಂಬ ಕಲಾವಿದ ಇಂತಹ ಕಾರ್ಡುಗಳನ್ನು ಪ್ರದರ್ಶಿಸಿ, ಕಲಾವಿದರು ಪರಸ್ಪರ ಬದಲಾಯಿಸಿಕೊಳ್ಳುವ ಪದ್ಧತಿಯನ್ನು ಆರಂಭಿಸಿದರು. ಇವುಗಳಿಗೆ 'ಆರ್ಟಿಸ್ಟ್ ಟ್ರೇಡಿಂಗ್ ಕಾರ್ಡ್' ಎಂಬ ಹೆಸರು ಬಂದಿತು. ಹಣಕ್ಕೆ ಮಾರಬಾರದು, ಕಾರ್ಡಿಗೆ ಕಾರ್ಡನ್ನೇ ಕೊಡಬೇಕು ಎಂಬುದು ಅಲ್ಲಿನ ಮೂಲ ನಿಯಮ. ಅಳತೆ ಅದೇ ಇದ್ದು ಮಾರಾಟಕ್ಕೆಂದೇ ತಯಾರಾಗುವ ಕಾರ್ಡುಗಳನ್ನು ಮುಂದೆ 'ಎ.ಸಿ.ಇ.ಒ.' ಎಂಬ ಬೇರೆ ಹೆಸರಿನಿಂದ ಗುರುತಿಸಲಾಯಿತು. ಹೊರದೇಶದ ಗ್ರಾಹಕರೊಡನೆ ವ್ಯವಹರಿಸುವವರು ಈ ಭೇದವನ್ನು ತಿಳಿದಿರಬೇಕು. ವಿನಿಮಯದ ಕಾರ್ಡಿಗೆ ಬೆಲೆಚೀಟಿ ಅಂಟಿಸಿದರೆ ಬಲ್ಲ ಗ್ರಾಹಕ ಹಿಂದೆ ಸರಿಯುತ್ತಾನೆ.

ಕಸೂತಿಯ ಕಾರ್ಡು ಇದಕ್ಕಿಂತಲೂ ಹಳೆಯದು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ, 1914ರಿಂದ 1918ರವರೆಗೆ, ಫ್ರಾನ್ಸಿನಲ್ಲಿದ್ದ ಸೈನಿಕರು ಮನೆಗೆ ಕಳುಹಿಸುತ್ತಿದ್ದ ರೇಷ್ಮೆ ಕಸೂತಿಯ ಅಂಚೆ ಕಾರ್ಡುಗಳು ಪ್ರಸಿದ್ಧ. ಉದ್ದನೆಯ ರೇಷ್ಮೆ ಪಟ್ಟಿಯ ಮೇಲೆ ಒಂದೇ ಹೂವಿನ ವಿನ್ಯಾಸವನ್ನು ಸಾಲಾಗಿ ಮೂಡಿಸಿ, ನಂತರ ಕತ್ತರಿಸಿ ರಟ್ಟಿಗೆ ಅಂಟಿಸಲಾಗುತ್ತಿತ್ತು. ಇವೆಲ್ಲ ಮನೆಮನೆಯಲ್ಲಿ ಮಹಿಳೆಯರು ಕೈಯಿಂದ ಮಾಡಿದವು ಎಂದೇ ಬಹುಕಾಲ ನಂಬಲಾಗಿತ್ತು. ಬಹುಪಾಲು ಕಾರ್ಡುಗಳು ಕಸೂತಿ ಯಂತ್ರದಲ್ಲಿ ತಯಾರಾದವು ಎಂಬ ವಾದವೂ ಈಚೆಗೆ ಬಲವಾಗಿದೆ. ಕೈಕೆಲಸವೋ ಯಂತ್ರದ ಕೆಲಸವೋ ಎಂಬ ಪ್ರಶ್ನೆ ನೂರು ವರ್ಷಗಳ ನಂತರವೂ ಸಂಗ್ರಾಹಕರನ್ನು ಕಾಡುತ್ತಿದೆ. ದಾಖಲೆ ಇಲ್ಲದ ಕೈಕೆಲಸದ ಗತಿ ಇದು.

ನಮ್ಮ ರಾಜ್ಯದಲ್ಲಿ ಕೈಯಿಂದ ಅಲಂಕರಿಸಿದ ಕಾರ್ಡಿನ ಪರಂಪರೆಯೆಂದರೆ ಮೈಸೂರಿನ ಗಂಜೀಫಾ. ಮುಮ್ಮಡಿ ಕೃಷ್ಣರಾಜ ಒಡೆಯರ ಪ್ರೋತ್ಸಾಹದಲ್ಲಿ ಬೆಳೆದ ಈ ಚಿತ್ರಿತ ಎಲೆಗಳ ಆಟ ಬಳಕೆಯಿಂದ ಮರೆಯಾದರೂ, ಎಲೆಗಳು ಕಲಾವಸ್ತುವಾಗಿ ಉಳಿದು ಜಿ.ಐ. ಮಾನ್ಯತೆಯನ್ನೂ ಪಡೆದಿವೆ. ಉಪಯೋಗ ಹೋದ ಮೇಲೂ ಸಣ್ಣ ಕಾರ್ಡು ಸಂಗ್ರಹಯೋಗ್ಯವಾಗಿ ಉಳಿಯಬಲ್ಲದು ಎಂಬುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ಬೇಕಿಲ್ಲ.

ಮಾದಾಪುರದ ಸ್ಥಿತಿಗತಿ

ಮಡಿಕೇರಿ ಮತ್ತು ಸೋಮವಾರಪೇಟೆಗಳ ನಡುವಿನ ಮಾರ್ಗದಲ್ಲಿರುವ ಮಾದಾಪುರದ ಸುತ್ತ ಕಾಫಿಯೇ ಮುಖ್ಯ ಆರ್ಥಿಕತೆ. ದೇಶದ ಒಟ್ಟು ಕಾಫಿಯಲ್ಲಿ ಸುಮಾರು ಮೂರನೇ ಒಂದು ಪಾಲು ಕೊಡಗು ಜಿಲ್ಲೆಯದು. 2018ರ ಆಗಸ್ಟ್‌ನ ಅತಿವೃಷ್ಟಿ ಮತ್ತು ಭೂಕುಸಿತಗಳು ಮಕ್ಕಂದೂರು, ಹಟ್ಟಿಹೊಳೆ, ಮಾದಾಪುರದ ಪ್ರದೇಶವನ್ನು ತೀವ್ರವಾಗಿ ಬಾಧಿಸಿದವು. ಮನೆಯೊಂದಿಗೆ ತೋಟವನ್ನೂ, ತೋಟದೊಂದಿಗೆ ಕೂಲಿಯನ್ನೂ ಕಳೆದುಕೊಂಡ ಕುಟುಂಬಗಳಿದ್ದವು. ಮಾದಾಪುರದ ಸಮೀಪದ ಜಂಬೂರಿನಲ್ಲಿ ನಿರ್ಮಿಸಿದ ಮನೆಗಳನ್ನು 2020ರ ಜೂನ್‌ನಲ್ಲಿ ಸಂತ್ರಸ್ತರಿಗೆ ಹಸ್ತಾಂತರಿಸಲಾಯಿತು. ಮನೆ ದೊರೆತರೂ, ಮನೆಯ ಆವರಣದಲ್ಲೇ ಕುಳಿತು ಮಾಡಬಹುದಾದ ಉಪವೃತ್ತಿಯ ಅಗತ್ಯ ತೀರುವುದಿಲ್ಲ.

ಕೊಡಗಿನ ದುಡಿಮೆಯ ಪಂಚಾಂಗವೂ ಈ ಕಸುಬಿಗೆ ಅನುಕೂಲವಾಗಿದೆ. ನವೆಂಬರ್‌ನಿಂದ ಮಾರ್ಚ್‌ವರೆಗೆ ಮೊದಲು ಅರೇಬಿಕಾ, ನಂತರ ರೊಬಸ್ಟಾ ಕೊಯ್ಲು. ಆಗ ಸೂಜಿ ಹಿಡಿಯಲು ಯಾರಿಗೂ ಬಿಡುವಿಲ್ಲ. ಮಾರ್ಚ್-ಏಪ್ರಿಲ್‌ನಲ್ಲಿ ಹೂ ಕಣ್ಣೆದುರಿಗೇ ಇರುವುದರಿಂದ ವಿನ್ಯಾಸ ಬರೆದುಕೊಳ್ಳಲು ಅದೇ ಸಮಯ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯಲ್ಲಿ ಹೊರಗೆಲಸ ತಗ್ಗುತ್ತದೆ. ಕಸೂತಿಗೆ ಅದೇ ಸುಗ್ಗಿ. ಅಕ್ಟೋಬರ್‌ನಿಂದ ಜನವರಿಯವರೆಗೆ ಪ್ರವಾಸಿಗರೂ ಉಡುಗೊರೆಯ ಖರೀದಿಯೂ ಹೆಚ್ಚು. ಹೀಗೆ ವಸಂತದ ಹೂವನ್ನು ಮಳೆಗಾಲದಲ್ಲಿ ಹೊಲಿದು ಚಳಿಗಾಲದಲ್ಲಿ ಮಾರುವ ಸರಕು ಇದು.

ವಿನ್ಯಾಸ ಮತ್ತು ಹೊಲಿಗೆಯ ಆಯ್ಕೆ

ಕಾಫಿ ಹೂ ಬಿಳಿ. ಬಿಳಿ ಬಟ್ಟೆಯ ಮೇಲೆ ಬಿಳಿ ದಾರ ಎದ್ದು ಕಾಣುವುದಿಲ್ಲ. ಆದ್ದರಿಂದ ಕಡುಹಸಿರು ಅಥವಾ ಕಾಫಿ ಕಂದುಬಣ್ಣದ ಹತ್ತಿಬಟ್ಟೆಯೇ ಯೋಗ್ಯ. ಅರೇಬಿಕಾ ಹೂವಿಗೆ ಸಾಮಾನ್ಯವಾಗಿ ಐದು ಎಸಳು, ರೊಬಸ್ಟಾಕ್ಕೆ ಐದರಿಂದ ಏಳು. ಎಲೆಗಳು ಎದುರುಬದುರಾಗಿ ಹುಟ್ಟಿ, ಅವುಗಳ ಗೆಣ್ಣಿನಲ್ಲಿ ಹೂಗಳು ಗೊಂಚಲಾಗಿ ಕೂರುತ್ತವೆ. ಕೊಡಗಿನ ಗ್ರಾಹಕ ಈ ವಿವರಗಳನ್ನು ಬಲ್ಲವನು. ತಪ್ಪಿದರೆ ಅದು ಕಾಫಿ ಹೂವಲ್ಲ, ಮಲ್ಲಿಗೆ ಎನ್ನುತ್ತಾನೆ. ಎಸಳಿಗೆ ಲೇಜಿ ಡೈಸಿ, ಮೊಗ್ಗಿಗೆ ಫ್ರೆಂಚ್ ನಾಟ್, ರೆಂಬೆಗೆ ಕಾಂಡದ ಹೊಲಿಗೆ, ಎಲೆಗೆ ಸ್ಯಾಟಿನ್ ಹೊಲಿಗೆ ಹೊಂದುತ್ತವೆ. ಇದೇ ಸರಣಿಯಲ್ಲಿ ಹಾಲುವಾಣದ ಕೆಂಪು ಹೂ, ಕಕ್ಕೆಯ ಹಳದಿ ಗೊಂಚಲು, ಕಿತ್ತಳೆಯ ಹೂಗಳನ್ನೂ ಸೇರಿಸಿ ನಾಲ್ಕು ಕಾರ್ಡುಗಳ ಕಟ್ಟು ಮಾಡಬಹುದು.

ನಮ್ಮಲ್ಲಿ ಕಸೂತಿಯೆಂದೊಡನೆ ನೆನಪಾಗುವುದು ಧಾರವಾಡ ಸೀಮೆಯ ಕಲೆ. ಗವಂತಿ, ಮುರಗಿ, ನೇಯ್ಗೆ, ಮೆಂತೆ ಎಂಬ ನಾಲ್ಕು ಹೊಲಿಗೆಗಳ ಈ ಕೆಲಸದಲ್ಲಿ ಬಟ್ಟೆಯ ಎಳೆ ಎಣಿಸಿ ಹೊಲಿಯುತ್ತಾರೆ. ಗುರುತು ಹಾಕುವುದಿಲ್ಲ, ಗಂಟು ಹಾಕುವುದಿಲ್ಲ. ಗವಂತಿಯಲ್ಲಿ ಮುಂಬದಿಯೂ ಹಿಂಬದಿಯೂ ಒಂದೇ ರೀತಿ ಕಾಣುವುದು ಅದರ ಹೆಗ್ಗಳಿಕೆ. ಆದರೆ ಕಾರ್ಡಿಗೆ ಅಂಟಿಸಿದೊಡನೆ ಹಿಂಬದಿ ಮರೆಯಾಗುತ್ತದೆ. ಗ್ರಾಹಕನಿಗೆ ಕಾಣದ ಗುಣಕ್ಕೆ ಗ್ರಾಹಕ ಬೆಲೆ ಕೊಡುವುದಿಲ್ಲ. ಎಳೆ ಎಣಿಸುವ ಕಸೂತಿಯನ್ನು ಬಳಸುವುದಾದರೆ ಕಾರ್ಡಿನ ಹಿಂಬದಿಯಲ್ಲಿ ಸಣ್ಣ ಕಿಟಕಿ ತೆರೆದಿಡುವುದು ಲೇಸು. ಇಲ್ಲವಾದರೆ ಮೇಲೆ ಹೇಳಿದ ಸರಳ ಹೊಲಿಗೆಗಳೇ ಸಾಕು.

ಹೆಸರಿನ ವಿಷಯದಲ್ಲಿಯೂ ಎಚ್ಚರ ಅಗತ್ಯ. ಕರ್ನಾಟಕದ ಕಸೂತಿಗೂ, ಸಂಡೂರಿನ ಲಂಬಾಣಿ ಕಸೂತಿಗೂ ಜಿ.ಐ. ಮಾನ್ಯತೆಯಿದೆ. 1999ರ ಜಿ.ಐ. ಕಾಯಿದೆಯನ್ವಯ ಅಂತಹ ಹೆಸರನ್ನು ಬೇರೆ ಬಗೆಯ ಕೆಲಸಕ್ಕೆ ಬಳಸುವಂತಿಲ್ಲ. ಮಾದಾಪುರದ ಕಾರ್ಡನ್ನು 'ಕೊಡಗಿನ ಹೂವಿನ ಕೈಹೊಲಿಗೆ ಕಾರ್ಡು' ಎಂದು ಕರೆದರೆ ಸತ್ಯಕ್ಕೂ ಸರಿ, ಕಾನೂನಿಗೂ ಸರಿ. ಸಂಡೂರಿನ ಅನುಭವದಿಂದ ಕಲಿಯಬೇಕಾದದ್ದು ಹೆಸರನ್ನಲ್ಲ, ಸಂಘಟನೆಯನ್ನು. 2023ರ ಜುಲೈಯಲ್ಲಿ ಹಂಪಿಯಲ್ಲಿ ನಡೆದ ಜಿ-20 ಸಂಸ್ಕೃತಿ ಸಭೆಯ ಸಂದರ್ಭದಲ್ಲಿ 450ಕ್ಕೂ ಹೆಚ್ಚು ಲಂಬಾಣಿ ಮಹಿಳೆಯರ 1,755 ಕಸೂತಿ ವಸ್ತುಗಳನ್ನು ಒಟ್ಟಿಗೆ ಪ್ರದರ್ಶಿಸಿ ಗಿನ್ನೆಸ್ ದಾಖಲೆ ಮಾಡಲಾಯಿತು. ಚೆದುರಿದ ಮನೆಗಳ ಕೆಲಸ ಒಂದು ಸೂರಿನಡಿ ಬಂದಾಗಲೇ ಮಾರುಕಟ್ಟೆ ಅದನ್ನು ಗುರುತಿಸುತ್ತದೆ.

ಒಂದು ಕಾರ್ಡಿನ ವೆಚ್ಚ ಪಟ್ಟಿ

ಕೆಳಗಿನ ಅಂಕಿಗಳು ಉದಾಹರಣೆಗಾಗಿ ಮಾತ್ರ. ಪ್ರತಿ ಗುಂಪೂ ತನ್ನ ದರಗಳನ್ನು ಹಾಕಿಕೊಂಡು ಲೆಕ್ಕ ಮಾಡಬೇಕು. ದುಡಿಮೆಯನ್ನು ಗಂಟೆಗೆ 60 ರೂಪಾಯಿ, ಅಂದರೆ ಎಂಟು ಗಂಟೆಯ ದಿನಕ್ಕೆ 480 ರೂಪಾಯಿ ಎಂದು ಹಿಡಿಯಲಾಗಿದೆ. 'ಅ' ದರ್ಜೆಯೆಂದರೆ ಎಲೆ, ರೆಂಬೆ, ಗೊಂಚಲುಗಳಿರುವ ಪೂರ್ಣ ವಿನ್ಯಾಸ. 'ಆ' ದರ್ಜೆಯೆಂದರೆ ಒಂದೇ ಕುಡಿಯ ಸರಳ ವಿನ್ಯಾಸ.

ಬಟ್ಟೆ, ದಾರ, ರಟ್ಟು, ಅಂಟು, ಪಾರದರ್ಶಕ ಕವಚ, ಲಕೋಟೆ: ಅ 17 ರೂ., ಆ 17 ರೂ.
ಕಸೂತಿಯ ದುಡಿಮೆ (ಅ ಎರಡೂವರೆ ಗಂಟೆ, ಆ ಮುಕ್ಕಾಲು ಗಂಟೆ): ಅ 150 ರೂ., ಆ 45 ರೂ.
ಕತ್ತರಿಸಿ ಅಂಟಿಸುವ ಕೆಲಸ, 20 ನಿಮಿಷ: ಅ 20 ರೂ., ಆ 20 ರೂ.
ಮಾದರಿ ಮತ್ತು ಕೆಟ್ಟ ಕಾರ್ಡುಗಳ ಬಾಬ್ತು, ಸುಮಾರು ಶೇಕಡಾ 10: ಅ 19 ರೂ., ಆ 8 ರೂ.
ದೀಪ, ಓಡಾಟ, ಲೆಕ್ಕಪತ್ರ: ಅ 14 ರೂ., ಆ 10 ರೂ.
ಒಟ್ಟು ವೆಚ್ಚ: ಅ 220 ರೂ., ಆ 100 ರೂ.
ಗುಂಪಿನ ಉಳಿಕೆ, ಶೇಕಡಾ 10: ಅ 22 ರೂ., ಆ 10 ರೂ.
ಅಂಗಡಿಗೆ ಕೊಡುವ ಬೆಲೆ: ಅ 242 ರೂ., ಆ 110 ರೂ.

ಅಂಗಡಿಯವರು ಮಾರಾಟದ ಬೆಲೆಯಲ್ಲಿ ಶೇಕಡಾ 40ನ್ನು ತಮ್ಮ ಪಾಲಾಗಿ ಇಟ್ಟುಕೊಳ್ಳುವುದಾದರೆ ಗ್ರಾಹಕ ಕೊಡಬೇಕಾದದ್ದು 'ಅ' ದರ್ಜೆಗೆ ಸುಮಾರು 400 ರೂಪಾಯಿ, 'ಆ' ದರ್ಜೆಗೆ ಸುಮಾರು 185 ರೂಪಾಯಿ. ಅಂಗಡಿಯ ಪಾಲನ್ನು ದುರಾಸೆಯೆಂದು ಭಾವಿಸಬೇಕಿಲ್ಲ. ಬಾಡಿಗೆ, ಸಂಬಳ, ಮಾರಾಟವಾಗದೆ ಉಳಿಯುವ ಸರಕಿನ ಭಾರ ಅದರಲ್ಲಿದೆ.

ಈ ಪಟ್ಟಿಯಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಕಚ್ಚಾ ಸಾಮಗ್ರಿ ಕೇವಲ 17 ರೂಪಾಯಿ. ಇದನ್ನೇ ನೋಡಿ "ಹದಿನೇಳಕ್ಕೆ ಬಿದ್ದದ್ದನ್ನು ನೂರಕ್ಕೆ ಮಾರಿದರೆ ಸಾಲದೇ" ಎನ್ನುವವರು ಬಹಳ. ಲೆಕ್ಕ ಹಾಕಿ ನೋಡಿದರೆ ಉತ್ತರ ಸಿಗುತ್ತದೆ. 'ಅ' ದರ್ಜೆಯ ಕಾರ್ಡು ಅಂಗಡಿಯಲ್ಲಿ 100 ರೂಪಾಯಿಗೆ ಮಾರಾಟವಾದರೆ ಅಂಗಡಿಯ ಪಾಲು 40, ಸಾಮಗ್ರಿ 17. ಉಳಿಯುವುದು 43 ರೂಪಾಯಿ. ಎರಡು ಗಂಟೆ ಐವತ್ತು ನಿಮಿಷದ ಕೆಲಸಕ್ಕೆ ಇದನ್ನು ಹಂಚಿದರೆ ಗಂಟೆಗೆ ಸುಮಾರು 15 ರೂಪಾಯಿ. ಹೊಲಿದವಳಿಗೆ ಕೈಯಲ್ಲಿ ಹಣ ಕಾಣುವುದರಿಂದ ನಷ್ಟ ತಿಳಿಯುವುದಿಲ್ಲ. ಎರಡು ಮಳೆಗಾಲ ಕಳೆದ ಮೇಲೆ ಕಣ್ಣುನೋವೂ ಬೇಸರವೂ ಸೇರಿ ಸೂಜಿ ಕೆಳಗಿಡುತ್ತಾಳೆ. ಊರಿನವರು ಆ ಕಸುಬು ನಡೆಯಲಿಲ್ಲ ಎನ್ನುತ್ತಾರೆ. ಕಸುಬು ನಡೆಯದೆ ಹೋದದ್ದಲ್ಲ, ಗಂಟೆಯ ಲೆಕ್ಕ ಬರೆಯದೆ ಹೋದದ್ದು.

ಆದ್ದರಿಂದ 'ಅ' ದರ್ಜೆಯ ಕಾರ್ಡನ್ನು ಶುಭಾಶಯ ಪತ್ರಗಳ ಸಾಲಿನಲ್ಲಿಡುವುದೇ ತಪ್ಪು. ಅಲ್ಲಿ ಅದು ಅಚ್ಚಿನ ಕಾರ್ಡಿನೊಡನೆ ಸ್ಪರ್ಧಿಸಿ ಸೋಲುತ್ತದೆ. ಚಿಕ್ಕ ಚೌಕಟ್ಟಿನಲ್ಲಿ ಕೂರಿಸಿ ಕಲಾವಸ್ತುವಾಗಿ ಮಾರಬೇಕು. 'ಆ' ದರ್ಜೆಯದು ತೋಟದ ಕಾಫಿಪುಡಿಯ ಉಡುಗೊರೆ ಪೆಟ್ಟಿಗೆಗೆ, ಹೋಂಸ್ಟೇ ಅತಿಥಿಗಳ ನೆನಪಿನ ಕಾಣಿಕೆಗೆ, ಮದುವೆಯ ಉಡುಗೊರೆಗೆ ಹೊಂದುತ್ತದೆ. ಕಾಫಿಪುಡಿ ವ್ಯಾಪಾರಿಗಳು ಈ ದಿಸೆಯಲ್ಲಿ ಯೋಚಿಸಬಹುದು: ಪೆಟ್ಟಿಗೆಯ ಕಾಫಿ ಒಂದು ತಿಂಗಳಲ್ಲಿ ಮುಗಿಯುತ್ತದೆ, ಅದರ ಹೂ ಗ್ರಾಹಕನ ಮೇಜಿನ ಮೇಲೆ ಉಳಿಯುತ್ತದೆ.

ಬಂಡವಾಳದ ಹೊರೆ ಯಾರದು

ಹತ್ತು ಮಂದಿಯ ಗುಂಪೊಂದು ಒಂದು ಮಳೆಗಾಲದಲ್ಲಿ 'ಅ' ದರ್ಜೆಯ 100, 'ಆ' ದರ್ಜೆಯ 200 ಕಾರ್ಡು ತಯಾರಿಸಿತೆಂದುಕೊಳ್ಳೋಣ. ಮೇಲಿನ ದರದಲ್ಲಿ ಒಟ್ಟು 500 ಗಂಟೆಗಳ ಕೆಲಸ. ತಲಾ 50 ಗಂಟೆ. ಒಟ್ಟು ವೆಚ್ಚ 42,000 ರೂಪಾಯಿ. ಅದರಲ್ಲಿ ಕೂಲಿಯೇ 30,000, ಅಂದರೆ ತಲಾ 3,000 ರೂಪಾಯಿ. ಎಲ್ಲವೂ ಮಾರಾಟವಾದರೆ ಗುಂಪಿಗೆ ಬರುವುದು 46,200. ಉಳಿಕೆ 4,200 ರೂಪಾಯಿ. ಇದು ತೋಟದ ಕೂಲಿಗೆ ಬದಲಿಯಲ್ಲ, ಮಳೆಗಾಲದ ಪೂರಕ ಆದಾಯ ಮಾತ್ರ ಎಂಬುದನ್ನು ಮೊದಲೇ ಸ್ಪಷ್ಟಪಡಿಸುವುದು ಒಳ್ಳೆಯದು. ದೊಡ್ಡ ಆಸೆ ತೋರಿಸಿ ಆರಂಭಿಸಿದ ಸಣ್ಣ ಉದ್ಯಮಗಳು ಬೇಗ ಮುಚ್ಚುತ್ತವೆ.

ಜೂನ್‌ನಲ್ಲಿ ಹೊಲಿದ ಕಾರ್ಡಿಗೆ ಹಣ ಬರುವುದು ನವೆಂಬರ್‌ನಲ್ಲಿ. 42,000 ರೂಪಾಯಿ ಐದು ತಿಂಗಳು ಸಿಲುಕಿಕೊಂಡರೆ ವರ್ಷಕ್ಕೆ ಶೇಕಡಾ 12ರ ಬಡ್ಡಿಯಂತೆ 2,100 ರೂಪಾಯಿ ಆಗುತ್ತದೆ. ಅಂದರೆ ಉಳಿಕೆಯ ಅರ್ಧ ಭಾಗ. "ಮಾರಾಟವಾದ ಮೇಲೆ ಹಣ" ಎಂಬ ಕರಾರಿನಲ್ಲಿ ಕಾರ್ಡು ಪಡೆಯುವ ಅಂಗಡಿಗೆ, ಹೊಲಿಯುವ ಮಹಿಳೆಯೇ ಬಡ್ಡಿಯಿಲ್ಲದ ಸಾಲ ಕೊಟ್ಟಂತೆ. ಇದಕ್ಕೆ ಎರಡು ಪರಿಹಾರಗಳಿವೆ. ಒಂದು, ಖರೀದಿದಾರರು ಮುಂಗಡ ಕೊಟ್ಟು ಬೇಡಿಕೆ ಸಲ್ಲಿಸುವುದು. ಇನ್ನೊಂದು, ಬ್ಯಾಂಕ್ ಸಾಲ. 2015ರಲ್ಲಿ ಜಾರಿಗೆ ಬಂದ ಮುದ್ರಾ ಯೋಜನೆಯ ಶಿಶು ವಿಭಾಗದಲ್ಲಿ 50,000 ರೂಪಾಯಿವರೆಗೆ ಜಾಮೀನು ಆಸ್ತಿಯಿಲ್ಲದೆ ಸಾಲ ದೊರೆಯುತ್ತದೆ. ಮೇಲಿನ ಉದಾಹರಣೆಯ ಬಂಡವಾಳ ಈ ಮಿತಿಯೊಳಗೇ ಇದೆ. ಆದರೆ ಬಡ್ಡಿಯನ್ನು ವೆಚ್ಚ ಪಟ್ಟಿಯಲ್ಲಿ ಸೇರಿಸಲು ಮರೆಯಬಾರದು.

ನೋಂದಣಿ, ತೆರಿಗೆ, ಪಾವತಿ

2020ರ ಜುಲೈ 1ರಿಂದ ಜಾರಿಯಲ್ಲಿರುವ ಉದ್ಯಮ್ ನೋಂದಣಿಯನ್ನು ಸ್ವಸಹಾಯ ಗುಂಪುಗಳೂ ಶುಲ್ಕವಿಲ್ಲದೆ ಮಾಡಿಸಿಕೊಳ್ಳಬಹುದು. ಇದರ ನಿಜವಾದ ಲಾಭ ಪಾವತಿಯಲ್ಲಿದೆ. 2006ರ ಕಾಯಿದೆಯ ಪ್ರಕಾರ ಸೂಕ್ಷ್ಮ ಮತ್ತು ಸಣ್ಣ ತಯಾರಕರಿಂದ ಸರಕು ಪಡೆದವರು ಲಿಖಿತ ಒಪ್ಪಂದವಿಲ್ಲದಿದ್ದರೆ 15 ದಿನಗಳಲ್ಲಿ, ಒಪ್ಪಂದವಿದ್ದರೂ ಗರಿಷ್ಠ 45 ದಿನಗಳಲ್ಲಿ ಹಣ ಕೊಡಬೇಕು. ತಪ್ಪಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. 2024ರ ಏಪ್ರಿಲ್ 1ರಿಂದ ಆದಾಯ ತೆರಿಗೆಯಲ್ಲಿಯೂ ಇದು ಸೇರಿದೆ. ಅವಧಿ ಮೀರಿದ ಬಾಕಿಯನ್ನು ಹಣ ಕೊಟ್ಟ ವರ್ಷದಲ್ಲಿ ಮಾತ್ರ ವೆಚ್ಚವಾಗಿ ಕಳೆಯಲು ಸಾಧ್ಯ. ಕಾರ್ಡು ಖರೀದಿಸುವ ವ್ಯಾಪಾರಿಗಳು ಇದನ್ನು ಗಮನದಲ್ಲಿಟ್ಟುಕೊಳ್ಳಬೇಕು.

ಜಿ.ಎಸ್.ಟಿ.ಯಲ್ಲಿ, ರಾಜ್ಯದೊಳಗೆ ಸರಕು ಮಾತ್ರ ಮಾರುವವರಿಗೆ ವಾರ್ಷಿಕ ವಹಿವಾಟು 40 ಲಕ್ಷ ರೂಪಾಯಿ ಮೀರುವವರೆಗೆ ಸಾಮಾನ್ಯವಾಗಿ ನೋಂದಣಿ ಬೇಕಿಲ್ಲ. ಹೊರರಾಜ್ಯಕ್ಕೆ ಮಾರುವವರಿಗೆ ನೋಂದಣಿ ಕಡ್ಡಾಯವಾದರೂ, ಅಧಿಸೂಚನೆಯಲ್ಲಿ ಪಟ್ಟಿ ಮಾಡಿದ ಕರಕುಶಲ ವಸ್ತುಗಳಿಗೆ 20 ಲಕ್ಷ ರೂಪಾಯಿವರೆಗೆ ವಿನಾಯಿತಿಯಿದೆ. ಇದಕ್ಕೆ ಪ್ಯಾನ್ ಅಗತ್ಯ. ತಮ್ಮ ಕಾರ್ಡಿನ ತೆರಿಗೆ ಶೀರ್ಷಿಕೆ ಆ ಪಟ್ಟಿಯಲ್ಲಿದೆಯೇ ಎಂದು ಖಚಿತಪಡಿಸಿಕೊಂಡೇ ಮುಂದುವರಿಯಬೇಕು. 2023ರ ಅಕ್ಟೋಬರ್ 1ರಿಂದ ನೋಂದಣಿಯಿಲ್ಲದ ಸಣ್ಣ ಮಾರಾಟಗಾರರೂ ದಾಖಲಾತಿ ಸಂಖ್ಯೆ ಪಡೆದು ಇ-ಕಾಮರ್ಸ್ ಮೂಲಕ ರಾಜ್ಯದೊಳಗೆ ಮಾರಬಹುದು. 2025ರ ಸೆಪ್ಟೆಂಬರ್ 22ರಿಂದ ಅನೇಕ ಕರಕುಶಲ ವಸ್ತುಗಳ ದರ ಶೇಕಡಾ 12ರಿಂದ 5ಕ್ಕೆ ಇಳಿದಿರುವುದರಿಂದ ಹಳೆಯ ಬೆಲೆಪಟ್ಟಿಗಳನ್ನು ಪರಿಷ್ಕರಿಸಬೇಕು. ಪಿ.ಎಂ. ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ದರ್ಜಿ ಕೆಲಸವಿದೆ, ಕಸೂತಿ ಪ್ರತ್ಯೇಕವಾಗಿ ಇಲ್ಲ ಎಂಬುದೂ ತಿಳಿದಿರಲಿ.

ಗುಣಮಟ್ಟ ಮತ್ತು ವಿಶ್ವಾಸ

ಕೊಡಗಿನ ಮಳೆಗಾಲದ ತೇವ ಈ ಸರಕಿನ ಮೊದಲ ಶತ್ರು. ಹೊಲಿಗೆ ಮಳೆಗಾಲದಲ್ಲೇ ನಡೆದರೂ ರಟ್ಟಿಗೆ ಅಂಟಿಸುವ ಕೆಲಸವನ್ನು ಬಿಸಿಲು ಬಂದ ಮೇಲೆ ಇಟ್ಟುಕೊಳ್ಳುವುದು ಜಾಣತನ; ತೇವದಲ್ಲಿ ಮುಚ್ಚಿದ ಕವಚದೊಳಗೆ ಬೂಷ್ಟು ಬರುತ್ತದೆ. ಹೊಲಿದ ಬಟ್ಟೆಗಳನ್ನು ಸಿಲಿಕಾ ಜೆಲ್ ಇಟ್ಟ ಡಬ್ಬದಲ್ಲಿಡಬೇಕು. ಆಮ್ಲೀಯ ಅಂಟು ಕಾಲಕ್ರಮದಲ್ಲಿ ಬಟ್ಟೆಯನ್ನು ಹಳದಿಯಾಗಿಸುತ್ತದೆ. ಕೆಂಪು ದಾರವನ್ನು ಒದ್ದೆ ಬಿಳಿಬಟ್ಟೆಯಲ್ಲಿ ಒತ್ತಿ ಬಣ್ಣ ಬಿಡುವುದೇ ಎಂದು ಮೊದಲೇ ಪರೀಕ್ಷಿಸಬೇಕು; ಒಂದು ಹಾಲುವಾಣದ ಹೂ ಇಡೀ ಕಟ್ಟನ್ನು ಕೆಡಿಸಬಲ್ಲದು.

ಎರಡನೆಯ ಶತ್ರು ಕಂಪ್ಯೂಟರ್ ಕಸೂತಿ ಯಂತ್ರ. ಕೈ ಎರಡೂವರೆ ಗಂಟೆ ತೆಗೆದುಕೊಳ್ಳುವ ವಿನ್ಯಾಸವನ್ನು ಅದು ಕೆಲವೇ ನಿಮಿಷಗಳಲ್ಲಿ ಮುಗಿಸುತ್ತದೆ. ಯಂತ್ರದ ಕಾರ್ಡನ್ನು ಯಂತ್ರದ್ದೆಂದು ಹೇಳಿ ಮಾರುವುದು ತಪ್ಪಲ್ಲ. ಕೈಕೆಲಸವೆಂದು ಮಾರಿದರೆ ಅದು 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯನ್ವಯ ಅನುಚಿತ ವ್ಯಾಪಾರ ಪದ್ಧತಿ. ಕಾನೂನಿಗಿಂತ ಮುಖ್ಯವಾದದ್ದು ವಿಶ್ವಾಸ. ಇಡೀ ಬೆಲೆ ನಿಂತಿರುವುದು ಆ ಒಂದು ಮಾತಿನ ಮೇಲೆ. ಆದ್ದರಿಂದ ಪ್ರತಿ ಕಾರ್ಡಿನ ಹಿಂಬದಿಯಲ್ಲಿ ಹೂವಿನ ಹೆಸರು, ಊರು, ಗುಂಪಿನ ಹೆಸರು, ಹೊಲಿದವರ ಸಹಿ, ಕ್ರಮಸಂಖ್ಯೆ, ತಿಂಗಳು ಮತ್ತು ತಗುಲಿದ ಗಂಟೆಗಳನ್ನು ಬರೆಯಬೇಕು. ಹಿಂಬದಿಯೇ ಕಾರ್ಡಿನ ವೋಚರ್. 400 ರೂಪಾಯಿ ಏಕೆ ಎಂದು ಕೇಳುವ ಗ್ರಾಹಕನಿಗೆ ಅಂಗಡಿಯವನು ಮಾತಾಡಬೇಕಿಲ್ಲ, ಕಾರ್ಡು ತಿರುಗಿಸಿ ತೋರಿಸಿದರೆ ಸಾಕು.

ಆಸಕ್ತ ಸದಸ್ಯರ ಗಮನಕ್ಕೆ

1. ಮೊದಲ ವರ್ಷ ನಾಲ್ಕಕ್ಕಿಂತ ಹೆಚ್ಚು ವಿನ್ಯಾಸ ಬೇಡ; ಎರಡು ದರ್ಜೆ, ಎರಡು ಬೆಲೆ ಸಾಕು.
2. ಗುಂಪಿನಲ್ಲಿ ಗಂಟೆಯ ಪುಸ್ತಕ ಇರಲಿ. ಕಾರ್ಡಿನ ಸಂಖ್ಯೆಯೆದುರು ಆರಂಭದ ಮತ್ತು ಮುಕ್ತಾಯದ ವೇಳೆ ದಾಖಲಾಗಲಿ.
3. ಖರೀದಿದಾರರು ಮೇ ತಿಂಗಳಲ್ಲಿ ಲಿಖಿತ ಬೇಡಿಕೆ ಸಲ್ಲಿಸಿ, ಕನಿಷ್ಠ ಸಾಮಗ್ರಿ ಮತ್ತು ಅರ್ಧ ಕೂಲಿಯಷ್ಟು ಮುಂಗಡ ಕೊಡಲಿ.
4. ಅಂತರ್ಜಾಲದಿಂದ ಇಳಿಸಿಕೊಂಡ ವಿನ್ಯಾಸ ಬೇರೆಯವರ ಸ್ವತ್ತಾಗಿರಬಹುದು. ತೋಟದಲ್ಲಿ ಕಂಡ ಹೂವನ್ನೇ ಬರೆದುಕೊಳ್ಳುವುದು ಕ್ಷೇಮ.
5. ಎರಡು ಮಳೆಗಾಲದ ಲೆಕ್ಕ ಕೈಯಲ್ಲಿರುವವರೆಗೆ ವಿಸ್ತರಣೆಯ ಮಾತು ಬೇಡ.

ಕಾಫಿಯ ಹೂವಿಗೆ ಎರಡು ದಿನದ ಆಯುಷ್ಯ. ದಾರದ ಹೂವಿಗೆ ಹಲವು ವರ್ಷ. ಆದರೆ ದಾರದ ಹೂ ಅರಳಿಸುವ ಕೈಗೆ ಅದರ ಗಂಟೆಗಳ ಬೆಲೆ ಸಿಗದಿದ್ದರೆ ಅದರ ಆಯುಷ್ಯವೂ ಎರಡೇ ಮಳೆಗಾಲ. ಆ ಬೆಲೆಯನ್ನು ಪಟ್ಟಿಯಲ್ಲಿ ಬರೆಯುವ ಹೊಣೆ ಹೊಲಿಯುವವರದಷ್ಟೇ ಅಲ್ಲ, ಕೊಂಡು ಮಾರುವವರದೂ ಹೌದು.